ಸಾಕು

ಕಪನೂರಿನ ಆ ಮಿಲ್ಲು ಬಂದಾಗಿ ಆರು ವರ್ಷ.
ಬ್ಯಾಳಿ ಒಡೆಯೋ ಗಾಲಿ ಗುಜರಿಗೆ ಹೋಯ್ತು,
ಹೊಟ್ಟಿನ ಧೂಳು ಮಾತ್ರ ಹೋಗಲಿಲ್ಲ, ತೊಲಿ ಮ್ಯಾಲೇ ಕುಂತಿತ್ತು.
ಅದರೊಳಗ ಹನ್ನೊಂದು ಕ್ವಾಣಿ ಕಟ್ಟಿ, ಕರೇ ತಾಡಪತ್ರಿ ಹೊದಿಸಿ
ಸೇಟು ಬೋರ್ಡು ಹಾಕಿಸಿದ: ಭೂತಬಂಗ್ಲೆ, ತಲಾ ಐನೂರು.
ಧೂಳಿಗೆ ದೆವ್ವಗಳು ಸೀನತಿದ್ದಿವಿ,
ಕತ್ತಲೊಳಗ, ಒಬ್ಬರ ಹಿಂದ ಒಬ್ಬರು.

ಒಳಗ ಬರೋರು ಮೊದಲು ಬಾಂಡಿಗೆ ಸಹಿ ಹಾಕಬೇಕು:
ಎಳೀತಾರ, ಕಟ್ಟತಾರ, ತಣ್ಣೀರೊಳಗ ಮುಖ ಅದ್ದತಾರ,
ಎದಿ ನಿಂತರ ಯಾರೂ ಜವಾಬ್ದಾರರಲ್ಲ.
ಒಂದೇ ಒಂದು ಬಾಗಿಲು ಇಟ್ಟಿದ್ದಿವಿ, ಮಾತಿನ ಬಾಗಿಲು.
ಸಾಕು ಅನ್ನಬೇಕು. ಅಂದ್ರ ಬಿಡ್ತೀವಿ.
ಲೈಟು ಹತ್ತತದ, ನಾ ಮುಖವಾಡ ತೆಗೀತೀನಿ,
ನೀರು ಕೊಡ್ತೀನಿ, ಚಪ್ಪಲಿ ಹುಡುಕಿ ಕೊಡ್ತೀನಿ.

ಇಂಜಿನಿಯರಿಂಗ್ ಕಾಲೇಜಿನ ಪೈಲ್ವಾನರು ಮೂರನೇ ಕ್ವಾಣ್ಯಾಗೇ ಅಂದ್ರು.
ತಹಶೀಲ್ ಆಫೀಸಿನ ಗುಮಾಸ್ತ ಒಬ್ಬ ಕಡೀತನಕಾ ಅನ್ನಲೇ ಇಲ್ಲ;
ಹೊರಗ ಬಂದು ಕಿಕ್ ಹೊಡೆಯೋದು ಮರೆತು
ಅರ್ಧ ತಾಸು ಬೈಕಿನ ಮ್ಯಾಲೇ ಕುಂತಿದ್ದ.

ಜಗದೇವಿ ದೊಡ್ಡವ್ವ ಇದೇ ಮಿಲ್ಲಿನ್ಯಾಗ ಹರಳು ಆರಿಸಿದಾಕಿ,
ಆ ಕೂಲಿಯೊಳಗ ನನ್ನ ಸಾಕಿದಾಕಿ.
ರೊಕ್ಕ ಕೊಟ್ಟು ಅಂಜತಾರೇನೋ, ಅಂತ ಕೇಳಿದಳು.
ಸಾಕು ಅಂದ್ರ ಬಿಡ್ತೀವಿ, ಅಂದೆ.
ಹರಳು ಬಾಯಾಗ ಸಿಕ್ಕವರಂಗ ಸುಮ್ಮನಾದಳು.
ಆಮ್ಯಾಲ, ಇಷ್ಟು ಅಗ್ಗಕ್ಕ ಬಿಡ್ತೀರಾ, ಅಂದಳು.

ಮೇ ತಿಂಗಳ ಕಡೀ ವಾರ. ಸೇಡಂನ ಚನಬಸಯ್ಯ
ಎರಡು ಸಿಮೆಂಟ್ ಲಾರಿ ಮಾರಿ ಸಿನಿಮಾ ತೆಗೀಲಾಕ ಬಂದ.
ಕಥಿ ಅಂದ್ರ ಇಷ್ಟೇ: ಭೂತಬಂಗ್ಲೆಗೆ ಆರು ಮಂದಿ ಹೋಗತಾರ,
ಒಳಗ ಖರೇ ಕೊಲೆಗಾರ ಅದಾನ,
ಸಾಕು ಅಂತಾರ, ಅಂವ ಬಿಡೂದಿಲ್ಲ.
ಕೊಲೆಗಾರನ ಪಾರ್ಟಿನವಗ ಕತ್ತಲೊಳಗ ಹಾದಿ ತಿಳೀಲಿಲ್ಲ,
ಎರಡು ಸಲ ಗ್ವಾಡಿಗೆ ಹಾಯ್ದ.
ಹಂಗಾಗಿ ಮುಖವಾಡ ನನ್ನ ಪಾಲಿಗೆ ಬಂತು, ರಾತ್ರಿಗೆ ಎಂಟುನೂರು.
ಬೆಲ್ಲದ ಪಾಕಕ್ಕ ಕೆಂಪು ರಂಗು ಕಲಸಿ ನೆತ್ತರ ಮಾಡಿದ್ದರು;
ಐದನೇ ಹೆಣಕ್ಕ ಇರುವಿ ಮುತ್ತಿದವು, ಹೆಣ ಎದ್ದು ಕುಣೀತು.

ಕಡೀಗುಳಿದಾಕಿ ಆಳಂದದ ನರ್ಸಿಂಗ್ ಹುಡುಗಿ, ಇಂದುಮತಿ.
ಮೂಲ್ಯಾಗ ಕುಂತು ಅಕಿ ಸಾಕು ಅನ್ನಬೇಕು,
ನಾ ಕುಡಗೋಲು ಇಳಿಸಬೇಕು.
ಹದಿಮೂರು ಟೇಕು ಆದವು.
ಖರೇ ಅನಸವಲ್ದು, ಖರೇ ಅನಸವಲ್ದು, ಅಂತ ಚನಬಸಯ್ಯ ಒದರಿದ.
ಹದಿನಾಲ್ಕನೇದಕ್ಕ ಅಕಿ ಚೀರಲಿಲ್ಲ.
ಊಟದ ತಾಟಿಗೆ ಕೈ ಅಡ್ಡ ಹಿಡಿದು ಅನ್ನೂವಂಗ ಅಂದಳು,
ಸಾಕು.
ನನ್ನ ಕೈ ನಿಂತಿತು.
ಮೂರು ವರ್ಷದ ರೂಢಿ ಅದು, ಕೈಗೆ ಸಿನಿಮಾ ಗೊತ್ತಿಲ್ಲ.
ಲೈಟು ಹತ್ತತದ ಅಂತ ಕಾದೆ. ಹತ್ತಲಿಲ್ಲ.
ಕ್ಯಾಮೆರಾದ ಕೆಂಪು ಚುಕ್ಕಿ ರೆಪ್ಪಿ ಬಡೀಲಿಲ್ಲ.
ಆಮ್ಯಾಲ ಇಳಿಸಿದೆ. ಥರ್ಮಾಕೋಲಿನ ಕುಡಗೋಲು
ಅಕಿ ಹೆಗಲಿಗೆ ಬಡಿದು ಮುರೀತು.
ಕಟ್ ಅಂದ್ರು. ಎಲ್ಲಾರೂ ಚಪ್ಪಾಳಿ.
ನೀರು ಕೊಟ್ಟು, ಖರೇ ಅಂದೇನು, ಅಂತ ಕೇಳಿದೆ.
ಕುಡಕೋತ ತಲಿ ಅಲ್ಲಾಡಿಸಿದಳು,
ಹೌದಂತೋ ಅಲ್ಲಂತೋ, ಕತ್ತಲಿತ್ತು.

ದೀಪಾವಳಿ ಮುಂದ ಟಾಕೀಜಿಗೆ ಬಂತು, ಎಂಟು ದಿನ ಇತ್ತು.
ದೊಡ್ಡವ್ವನ್ನ ಬಾಲ್ಕನಿಗೆ ಕರಕೊಂಡು ಹೋದೆ.
ಹೆಣ ಬಿದ್ದಂಗ ಮಂದಿ ನಕ್ಕರು, ಸೀಟಿ ಹೊಡೆದರು.
ನನ್ನ ಕೈ ನಿಂತಲ್ಲಿ ಮಾತ್ರ
(ಒಂದೂವರೆ ಸೆಕೆಂಡು; ಅಂವ ಕತ್ತರಿ ಹಾಕಿರಲಿಲ್ಲ)
ಟಾಕೀಜು ಉಸಿರು ಹಿಡೀತು.
ಹಿಂದಿನ ಸೀಟಿನ ಹುಡುಗ ಗೆಳೆಯಗ ಅಂದ:
ನೋಡ್ಲೇ, ಆಟ ಆಡಸ್ಲತ್ತಾನ. ಎಳ್ಳಷ್ಟೂ ಕರುಣಾ ಇಲ್ಲ ಮಗಗ.

ದೊಡ್ಡವ್ವ ಕತ್ತಲೊಳಗ ನನ್ನ ಮಣಿಕಟ್ಟು ಹುಡುಕಿದಳು,
ಅದೇ ಕೈ ಹೌದಿಲ್ಲೋ ಅಂತ ಒಂದೊಂದೇ ಬಟ್ಟು ಮುಟ್ಟಿ ನೋಡಿ
ಉಡ್ಯಾಗಿನ ಶೇಂಗಾ ಅದರ ತುಂಬ ಸುರುವಿದಳು.
ಇನ್ನೂ ಬೇಕೇನು, ಅಂದಳು.